ನೀರು ತೊಟ್ಟಿಕ್ಕದ ಟ್ಯಾಕ್ಸಿ

ಸಿಕ್ ಪೇಟೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಾವು ಎಂಟು ಜನ ಚಾಲಕರು. ಏಳು ಗಾಡಿಗಳ ಕೆಳಗೆ ಯಾವಾಗಲೂ ಒದ್ದೆ ಕಲೆ ಇರುತ್ತಿತ್ತು. ನನ್ನದರ ಕೆಳಗೆ ಮಾತ್ರ ಒಣ ಸಿಮೆಂಟು. ಇಡೀ ದಿನ ಎ.ಸಿ. ಹಾಕಿಕೊಂಡು ಓಡಿಸಿದರೂ ಒಂದು ಹನಿ ನೀರು ಬೀಳುತ್ತಿರಲಿಲ್ಲ.

"ಪಾಕ್ ಯಾ ಗಾಡಿ ಹಜ್ ಮಾಡ್ಕೊಂಡು ಬಂದಿದೆ ಕಣ್ರೋ, ಎಷ್ಟು ಶುದ್ಧ ನೋಡಿ!" ಎಂದು ಉಳಿದವರು ಗೇಲಿ ಮಾಡುತ್ತಿದ್ದರು. ನನ್ನ ಹೆಸರು ಯಾಹ್ಯಾ. ಊರಿನವರಿಗೆಲ್ಲ ಪಾಕ್ ಯಾ, ಅಂದರೆ ಯಾಹ್ಯಾ ಚಿಕ್ಕಪ್ಪ. ಅವರು ಗೇಲಿ ಮಾಡಿದರೆ ನಾನು ಒಳಗೊಳಗೇ ಬೀಗುತ್ತಿದ್ದೆ. ಹಾಗೆ ಬೀಗಿದ್ದಕ್ಕೆ ನನ್ನ ಮಗಳ ಗಂಟಲು ದಂಡ ತೆರುತ್ತಿದೆ ಎಂದು ನನಗೆ ಗೊತ್ತಾದದ್ದು ಒಂದು ಶನಿವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ಪೆಂಡಾಂಗ್‌ನ ಒಂದು ಎ.ಸಿ. ರಿಪೇರಿ ಅಂಗಡಿಯ ಮುಂದೆ.

ಆ ದಿನ ಮಗಳು ಮುನೀರಾಳಿಗೆ ಪಠಣ ಸ್ಪರ್ಧೆ ಇತ್ತು. ಪವಿತ್ರ ವಚನಗಳನ್ನು ರಾಗವಾಗಿ, ಉಸಿರು ಮುರಿಯದೆ ಓದುವ ಸ್ಪರ್ಧೆಯ ಕೊನೆಯ ಸುತ್ತು, ಅಲೋರ್ ಸೆತಾರ್‌ನ ದೊಡ್ಡ ಸಭಾಂಗಣದಲ್ಲಿ. ಕೆಡಾ ಸೀಮೆಯ ಆರು ನೂರು ಹುಡುಗಿಯರಲ್ಲಿ ಉಳಿದವರು ಏಳೇ ಜನ. ಮಧ್ಯಾಹ್ನ ಎರಡಕ್ಕೆ ಹೆಸರು ಕೂಗುತ್ತಾರೆ, ಆಗ ಎದ್ದು ನಿಲ್ಲದವರ ಹೆಸರನ್ನು ಹೊಡೆದುಹಾಕುತ್ತಾರೆ. ಮುನೀರಾಳಿಗೆ ಆಗ ಹತ್ತೊಂಬತ್ತು ವರ್ಷ. ಮರುವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಇದೇ ಕೊನೆಯ ಅವಕಾಶ.

ನಮ್ಮ ಮನೆಯಲ್ಲಿ ಓದುವವರು ಹೆಂಗಸರು, ಕೇಳುವವನು ನಾನು. ಚಿಕ್ಕಂದಿನಲ್ಲಿ ಅಮ್ಮ ನನ್ನನ್ನು ಬಟ್ಟೆಯ ಜೋಲಿಯಲ್ಲಿ ತೂಗುತ್ತಾ ಪ್ರವಾದಿಗಳ ಕಥೆಗಳನ್ನು ಪದ್ಯವಾಗಿ ಹೇಳುತ್ತಿದ್ದಳು. ನನಗೆ ಅಕ್ಷರಕ್ಕಿಂತ ಮೊದಲು ರಾಗ ಬಂತು, ಆದರೆ ಕಿವಿಯಲ್ಲೇ ನಿಂತಿತು, ನಾಲಿಗೆಗೆ ಇಳಿಯಲಿಲ್ಲ. ದೇವರು ನನಗೆ ಕಿವಿ ಕೊಟ್ಟು ಮಗಳಿಗೆ ಕಂಠ ಕೊಟ್ಟ ಎಂದು ನಾನು ದಿನಕ್ಕೈದು ಬಾರಿ ಕೃತಜ್ಞತೆ ಹೇಳುತ್ತೇನೆ. ಅವಳು ಅಭ್ಯಾಸ ಮಾಡುತ್ತಿದ್ದದ್ದೂ ನನ್ನ ಟ್ಯಾಕ್ಸಿಯಲ್ಲೇ. ಗ್ಲಾಸು ಏರಿಸಿದರೆ ಹೊರಗಿನ ಸದ್ದಿಲ್ಲ, ನಾನು ಓಡಿಸುತ್ತಾ ಕೇಳುತ್ತಿದ್ದೆ.

ಹಿಂದಿನ ವರ್ಷದ ಸುತ್ತಿನಲ್ಲಿ ಅವಳ ಉಸಿರು ವಚನದ ನಡುವೆ ಮುರಿದಿತ್ತು. ಸೀನು ಬಂದು ಧ್ವನಿ ಕಟ್ಟಿಹೋಯಿತು. ವಾಪಸ್ ಬರುವಾಗ ನಾನು, "ಜನರನ್ನ ನೋಡಿ ಹೆದರಿಬಿಟ್ಟೆ, ಅಷ್ಟೇ" ಎಂದಿದ್ದೆ.

"ಹೆದರಿಲ್ಲ ಅಬಾ, ಗಾಡಿ ವಾಸನೆ. ಎ.ಸಿ. ಹಾಕಿದ್ರೆ ಒದ್ದೆ ಗೋಣಿಚೀಲ ಮೂಗಿಗೆ ಕಟ್ಟಿದ ಹಾಗಾಗತ್ತೆ," ಎಂದಿದ್ದಳು.

ನನಗೇನೂ ವಾಸನೆ ಬರುತ್ತಿರಲಿಲ್ಲ. ದಿನಕ್ಕೆ ಹತ್ತು ಗಂಟೆ ಅದರಲ್ಲೇ ಕೂತವನ ಮೂಗು ಏನು ಹೇಳೀತು? ಆದರೂ ಮಗಳ ಮಾತಿಗೆಂದು ಪಂದಾನ್ ಎಲೆ ಜಾಸ್ತಿ ಮಾಡಿದೆ. ಅನ್ನಕ್ಕೆ ಪರಿಮಳ ಬರಲೆಂದು ಹಾಕುವ ಆ ಉದ್ದನೆಯ ಹಸಿರು ಎಲೆಯನ್ನು ನಮ್ಮ ಕಡೆಯ ಟ್ಯಾಕ್ಸಿಯವರೆಲ್ಲ ಗಂಟು ಕಟ್ಟಿ ಹಿಂದಿನ ಸೀಟಿನ ಮೇಲೆ ಇಡುತ್ತೇವೆ. ಗಾಡಿ ಘಮಘಮ ಅನ್ನುತ್ತದೆ, ಜಿರಳೆ ಹತ್ತಿರ ಸುಳಿಯುವುದಿಲ್ಲ. ಒಂದು ಗಂಟಿದ್ದದ್ದು ನಾಲ್ಕಾಯಿತು. ವಾಸನೆ ಮಾತ್ರ ಹೋಗಲಿಲ್ಲವಂತೆ.

ಆ ಶನಿವಾರ ಒಂಬತ್ತೂವರೆಗೆ ಹೊರಟೆವು. ಮುಂದೆ ನನ್ನ ಪಕ್ಕದಲ್ಲಿ ಅಮ್ಮ, ಹಿಂದೆ ಮುನೀರಾ. ರಬ್ಬರ್ ತೋಟಗಳ ನಡುವಿನ ರಸ್ತೆಯಲ್ಲಿ ಗ್ಲಾಸು ಇಳಿಸಿಕೊಂಡೇ ಬಂದೆವು, ಎಲ್ಲ ಚೆನ್ನಾಗಿತ್ತು. ಇಳಿಜಾರು ಮುಗಿದು ಭತ್ತದ ಬಯಲು ತೆರೆದುಕೊಂಡದ್ದೇ ಕಾಲು ಬ್ರೇಕಿನ ಮೇಲೆ ಹೋಯಿತು. ಕೊಯ್ಲು ಮುಗಿದಿತ್ತು. ಬಯಲಿನ ಉದ್ದಕ್ಕೂ ಹುಲ್ಲಿಗೆ ಬೆಂಕಿ ಕೊಟ್ಟಿದ್ದರು. ಹೊಗೆ ರಸ್ತೆಯ ಮೇಲೆ ಹೊದಿಕೆಯಂತೆ ಬಿದ್ದಿತ್ತು.

"ಗ್ಲಾಸ್ ಏರಿಸೋ ಯಾಹ್ಯಾ, ಮಗು ಗಂಟಲು!" ಎಂದು ಅಮ್ಮ ಕೂಗಿದಳು.

ಏರಿಸಿ ಎ.ಸಿ. ಹಾಕಿದೆ. ಎರಡು ನಿಮಿಷಕ್ಕೆ ಹಿಂದಿನಿಂದ ಸೀನು ಕೇಳಿಸಿತು. ಮತ್ತೆ ಇನ್ನೊಂದು. ಹತ್ತನೆಯದರವರೆಗೆ ಎಣಿಸಿದೆ.

"ಅಬಾ, ಆಫ್ ಮಾಡಿ."

ಆಫ್ ಮಾಡಿದರೆ ಒಲೆಯೊಳಗೆ ಕೂತಂತೆ. ಗ್ಲಾಸು ಇಳಿಸಿದರೆ ಹೊಗೆ. ಏರಿಸಿದರೆ ಆ ವಾಸನೆ. ಮುನೀರಾ ಒಂದು ಸಾಲು ಓದಿ ನೋಡಿಕೊಂಡಳು. ಆ ಕಂಠ ನನ್ನ ಮಗಳದಾಗಿರಲಿಲ್ಲ, ಹರಿದ ಜರಡಿಯಲ್ಲಿ ಮರಳು ಸುರಿದ ಸದ್ದಾಗಿತ್ತು. ಕನ್ನಡಿಯಲ್ಲಿ ಅವಳ ಕಣ್ಣು ಕೆಂಪಾಗಿ, ತುಂಬಿ ಬಂದಿದ್ದು ಕಂಡಿತು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಪೆಂಡಾಂಗ್ ಪೇಟೆಯ ಅಂಚಿನಲ್ಲಿ ಕೊಕ್ ಸುನ್‌ನ ಅಂಗಡಿ ಇತ್ತು. ಗಾಡಿಗಳ ಎ.ಸಿ. ಕೆಲಸ ಅವನ ಅಪ್ಪನ ಕಾಲದಿಂದಲೂ ಅಲ್ಲಿ ನಡೆದುಬಂದದ್ದು. ನಾನು ಬ್ರೇಕ್ ಹಾಕಿದಾಗ ಅವನು ಅಂಗಡಿಯ ಶಟರ್ ಅರ್ಧ ಎಳೆದಿದ್ದ. ಪಕ್ಕದಲ್ಲಿ ಪಿಕಪ್ ಗಾಡಿ. ಅದರ ಹಿಂಭಾಗದಲ್ಲಿ ಪೊರಕೆ, ಕುಡುಗೋಲು, ಸತ್ತವರಿಗಾಗಿ ಸುಡುವ ಕಾಗದದ ಹಣದ ಕಟ್ಟು, ಊದುಬತ್ತಿ. ಮುಂದಿನ ಸೀಟಿನಲ್ಲಿ ಅವನ ಹೆಂಡತಿ ಮೇ ಫೊಂಗ್, ಮಡಿಲಲ್ಲಿ ಹುರಿದ ಕೋಳಿಯ ಬುಟ್ಟಿ. ಹಿರಿಯರ ಸಮಾಧಿ ಗುಡಿಸಿ ಎಡೆ ಇಡುವ ದಿನ ಅವರಿಗೆ.

"ಇವತ್ತು ರಜಾ, ಪಾಕ್ ಯಾ. ಅಪ್ಪ ಕಾಯ್ತಿದ್ದಾರೆ," ಎಂದ ಕೊಕ್ ಸುನ್.

"ತೌಕೆ," ಎಂದೆ. ಅಂಗಡಿ ಯಜಮಾನರನ್ನು ನಾವು ಹಾಗೇ ಕರೆಯುವುದು. "ಎರಡು ಗಂಟೆಗೆ ಇವಳ ಹೆಸರು ಕೂಗ್ತಾರೆ. ಗಂಟಲು ಹೋಗಿದೆ. ಎ.ಸಿ. ಹಾಕಿದ್ರೆ ಸೀನ್ತಾಳೆ."

ಅವನು ಮುನೀರಾಳ ಮುಖ ನೋಡಿದ. ಆಮೇಲೆ ಬಾಗಿಲು ತೆಗೆದು ಡ್ಯಾಶ್‌ಬೋರ್ಡಿನ ಕಿಂಡಿಗೆ ಮೂಗಿಟ್ಟ. ಚೇಳು ಕುಟುಕಿದವನಂತೆ ಹಿಂದಕ್ಕೆ ಹಾರಿದ.

"ಅಯ್ಯಪ್ಪಾ! ಒಳಗೆ ಯಾರನ್ನ ಹೂತಿದ್ದೀರಿ?"

"ಏನೂ ಇಲ್ಲ ತೌಕೆ, ತುಂಬ ಶುದ್ಧವಾಗಿ ಇಟ್ಕೊಂಡಿದ್ದೀನಿ."

"ಎ.ಸಿ. ಹಾಕಿದಾಗ ಗಾಡಿ ಕೆಳಗೆ ನೀರು ಬೀಳತ್ತಾ?"

"ಒಂದು ಹನಿ ಬೀಳಲ್ಲ!" ಎಂದೆ, ಎದೆ ಉಬ್ಬಿಸಿ.

ಕೊಕ್ ಸುನ್ ಹಣೆ ಚಚ್ಚಿಕೊಂಡ. "ಅದನ್ನ ಹೆಮ್ಮೆಯಿಂದ ಬೇರೆ ಹೇಳ್ತೀರಲ್ಲ! ಎ.ಸಿ. ಗಾಳಿಯಲ್ಲಿರೋ ನೀರನ್ನ ಹಿಂಡತ್ತೆ, ಪಾಕ್ ಯಾ. ಆ ನೀರು ಕೊಳವೆಯಲ್ಲಿ ಕೆಳಗೆ ಬೀಳಲೇಬೇಕು. ವರ್ಷಗಟ್ಟಲೆ ಉಚ್ಚೆ ಹುಯ್ಯದೇ ಇರೋನಿಗೆ ಡಾಕ್ಟರ್ ಬೇಕು, ಶಭಾಸ್‌ಗಿರಿ ಅಲ್ಲ. ಈ ಕಡೆ ಕೂತವರ ಕಾಲು ಒದ್ದೆ ಆಗ್ತಿರಲಿಲ್ವಾ?"

ಅಮ್ಮ ನನ್ನ ಕಡೆ ಬೆರಳು ತೋರಿಸಿದಳು. "ನಾನು ಹೇಳ್ತಾನೇ ಇದ್ದೆ! ಕಾಲಡಿ ಚಾಪೆ ನೆನೆದಿದೆ ಅಂದ್ರೆ ಇವನು ನಿನ್ನ ಮೀನಿನ ಚೀಲ ಸೋರಿದೆ ಅಂತ ನನಗೇ ಬೈತಿದ್ದ!"

ಪಿಕಪ್‌ನ ಹಾರ್ನ್ ಹೊಡೆಯಿತು. ಮೇ ಫೊಂಗ್ ಕಿಟಕಿಯಿಂದ ತಲೆ ಹೊರಹಾಕಿದಳು. "ಅಯ್ಯೋ, ಬೆಳಗ್ಗೆ ಏಳಕ್ಕೆ ಹೋಗ್ಬೇಕಿತ್ತು! ಈಗ ಹನ್ನೊಂದು! ಬಿಸಿಲಿಗೆ ನಾನೇ ಸಮಾಧಿ ಸೇರ್ತೀನಿ, ಇನ್ನೊಂದು ತೋಡು!"

ಕೊಕ್ ಸುನ್ ಒಂದು ಕ್ಷಣ ಶಟರ್ ಹಿಡಿದು ನಿಂತ. ನಾನು ಮನಸ್ಸಿನಲ್ಲೇ ಪ್ರಾರ್ಥಿಸಿದೆ. ಆಮೇಲೆ ಅವನು ಗಡಗಡ ಶಟರ್ ಮೇಲೆತ್ತಿದ.

"ಗಿರಾಕೀನ ಬಾಗಿಲಿಂದ ವಾಪಸ್ ಕಳಿಸಿ ಬಂದೆ ಅಂತ ಹೇಳಿದ್ರೆ ನಮ್ಮಪ್ಪ ಅಲ್ಲಿಂದಲೇ ಎದ್ದು ಬಂದು ಸ್ಪ್ಯಾನರ್ ಎಸೀತಾರೆ," ಎಂದ. "ಗಾಡಿ ಒಳಗೆ ತನ್ನಿ. ಟಾರ್ಚ್ ಹಿಡೀರಿ."

ಅಂಗಿ ಬಿಚ್ಚಿ, ಬನಿಯನ್ನಿನಲ್ಲೇ ಗಾಡಿಯ ಕೆಳಗೆ ತೆವಳಿದ. ಕೆಳಗಿನಿಂದ ಅವನ ಧ್ವನಿ ಬಂತು. "ಕೊಳವೆ ಸಿಕ್ತು. ಗಟ್ಟಿಯಾಗಿ ಕಟ್ಕೊಂಡಿದೆ. ತಂತಿ ಕೊಡಿ." ಕೊಟ್ಟೆ. ಚುಚ್ಚಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಚುಚ್ಚಿದ. ಏನೂ ಇಲ್ಲ. "ಏನಪ್ಪ ಇದು, ಕಲ್ಲಾ..." ಎನ್ನುವಷ್ಟರಲ್ಲಿ ಬುಳಬುಳನೆ ಕಪ್ಪು ಹಸಿರು ನೀರು ಒಂದು ಬಕೆಟ್‌ನಷ್ಟು ಅವನ ಮುಖದ ಮೇಲೇ ಸುರಿಯಿತು!

"ಬಾಯಿ ಮುಚ್ಕೊಳ್ಳೋ!" ಎಂದು ಅಮ್ಮ ಕಿರುಚಿದಳು. ಅವನು ಉಗುಳುತ್ತಾ ಹೊರಗೆ ಬಂದ. ಆ ವಾಸನೆಗೆ ನಾವೆಲ್ಲ ಮೂರು ಹೆಜ್ಜೆ ಹಿಂದೆ ಸರಿದೆವು. ಅಂದು ಮೊದಲ ಸಲ ನನ್ನ ಮೂಗಿಗೂ ಅದು ತಟ್ಟಿತು. ಮಗಳು ಹೇಳಿದ್ದು ನಿಜ. ಒದ್ದೆ ಗೋಣಿಚೀಲವೇ. ವರ್ಷಗಟ್ಟಲೆ ನಾನು ಅದನ್ನು ಅವಳ ಮೂಗಿಗೆ ಕಟ್ಟಿ ಓದು ಎಂದಿದ್ದೆ.

"ತೋಕ್, ನೀವೂ ದೂರ ಬನ್ನಿ," ಎಂದು ಮುನೀರಾ ಅಜ್ಜಿಯ ಕೈ ಹಿಡಿದು ಹೊರಗಿನ ಮರದಡಿ ಕರೆದೊಯ್ದಳು.

"ನೀರು ಹೋಯ್ತು," ಎಂದ ಕೊಕ್ ಸುನ್, ಮುಖ ಒರೆಸಿಕೊಳ್ಳುತ್ತಾ. "ಆದ್ರೆ ಕೊಳವೇನ ಕಟ್ಟಿದ್ದು ಯಾವುದು ಅಂತ ನೋಡ್ಬೇಕು. ಅದು ಒಳಗಿದ್ರೆ ನಾಳೆ ಮತ್ತೆ ಇದೇ ಕಥೆ."

ಡ್ಯಾಶ್‌ಬೋರ್ಡಿನ ಕೆಳಗಿಂದ ನಾಲ್ಕು ಸ್ಕ್ರೂ ಬಿಚ್ಚಿ ಫ್ಯಾನನ್ನು ಹೊರಗೆಳೆದ. ಗಾಳಿಯನ್ನು ತಣ್ಣಗೆ ಮಾಡುವ ಜಾಲರಿ ಅದರ ಹಿಂದೆ ಇರುತ್ತದೆ. ಕೈ ತೂರಿಸಿ ಒಂದು ಹಿಡಿ ಏನನ್ನೋ ತೆಗೆದು ನೆಲಕ್ಕೆ ಹಾಕಿದ. ಮತ್ತೆ ಇನ್ನೊಂದು ಹಿಡಿ. ಕೊಳೆತು ಗೊಬ್ಬರವಾದ ಎಲೆ, ನೂಲಿನಷ್ಟು ಸಣ್ಣಗೆ ಹೆಚ್ಚಿದ್ದು. ಅದರೊಳಗೆ ಕಂದು ಬಣ್ಣದ ಹೂವಿನ ಎಸಳುಗಳು. ಅವನು ಬಗ್ಗಿ ನೋಡಿದ, ನನ್ನ ಕಡೆ ನೋಡಿದ.

"ಇದೇನು ಪಾಕ್ ಯಾ, ಗಾಡಿಯೊಳಗೆ ಮದುವೆ ಮಾಡಿಸಿದ್ರಾ?"

ನಮ್ಮಲ್ಲಿ ಮದುವೆಗೆ ಹೋದವರಿಗೆಲ್ಲ ಪುಟ್ಟ ಪೊಟ್ಟಣ ಕೊಡುತ್ತಾರೆ. ಸಣ್ಣಗೆ ಹೆಚ್ಚಿದ ಪಂದಾನ್, ಮಲ್ಲಿಗೆ, ಗುಲಾಬಿ, ಮೇಲೊಂದಿಷ್ಟು ಅತ್ತರು. ನಾನು ಮರದಡಿಗೆ ತಿರುಗಿದೆ. ಅಮ್ಮ ಬೇರೆ ಯಾವುದೋ ಮರದ ಕಾಯಿ ಎಣಿಸುವವಳಂತೆ ಆಕಾಶ ನೋಡುತ್ತಿದ್ದಳು.

"ಮಾಕ್?" ಎಂದು ಅಮ್ಮನನ್ನು ಕೂಗಿದೆ.

"ಏನು?"

"ಮದುವೆ ಪೊಟ್ಟಣಗಳನ್ನೆಲ್ಲ ಎಲ್ಲಿ ಹಾಕ್ತಿದ್ದೆ?"

"ಎಲ್ಲಿ ಅಂದ್ರೆ?" ಅಮ್ಮ ಮುಸುಕು ಸರಿಮಾಡಿಕೊಂಡಳು. "ಮುಂದಿನ ಗಾಜಿನ ಬುಡದಲ್ಲಿ ಸೀಳು ಸೀಳು ಇದೆಯಲ್ಲ, ಗಾಳಿ ಒಳಗೆ ಹೋಗೋದು ಅಲ್ಲಿಂದಲೇ ಅಂತ ನೀನೇ ಹೇಳಿದ್ದೆ. ಗಾಳಿ ಹೋಗೋ ಬಾಯಲ್ಲೇ ಹಾಕಿದ್ರೆ ಗಾಡಿ ತುಂಬ ಘಮ ಅಂದ್ಕೊಂಡೆ. ಹೋದ ವರ್ಷ ಮಗು ಅಳ್ತಾ ಬಂತಲ್ಲ, ಆಮೇಲೆ ಎರಡೆರಡು ಪೊಟ್ಟಣ ಹಾಕ್ದೆ. ಗಂಟಲಿಗೆ ಒಳ್ಳೇದಾಗ್ಲಿ ಅಂತ."

"ತೋಕ್!" ಎಂದು ಮುನೀರಾ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೋ ಎಂದುಕೊಂಡರೆ ಅವಳ ಭುಜ ನಗುವಿನಿಂದ ಕುಲುಕುತ್ತಿತ್ತು.

ನನಗೂ ಅಮ್ಮನಿಗೆ ಬೈಯಬೇಕೆನ್ನಿಸಿ ಬಾಯಿ ತೆರೆದೆ. ಆದರೆ ದೇವರು ಕೇಳುತ್ತಿರುತ್ತಾನೆ, ಸುಳ್ಳು ಹೇಳುವಂತಿಲ್ಲ. "ತೌಕೆ," ಎಂದೆ, ಟಾರ್ಚನ್ನು ನೆಲಕ್ಕೆ ತಿರುಗಿಸಿ, "ನಾನೂ ಮೂರು ನಾಲ್ಕು ಸಲ ಎಲೆ ಹೆಚ್ಚಿ ಅಲ್ಲೇ ಹಾಕಿದ್ದೆ. ಅಮ್ಮ ಹಾಕ್ತಾಳೆ ಅಂತ ಗೊತ್ತಿರಲಿಲ್ಲ."

"ಭೇಷ್! ತಾಯಿ ಮಗ ಸೇರಿ ಮದ್ದು ಹಾಕೀ ಹಾಕೀ ರೋಗ ತಂದಿದ್ದೀರಿ," ಎಂದ ಕೊಕ್ ಸುನ್. "ಈಗ ಯಾರು ಬಕೆಟ್ ನೀರು ತರ್ತೀರಿ?"

ಹನ್ನೆರಡಾಯಿತು. ಆಮೇಲೆ ನಡೆದದ್ದು ಕೆಲಸವೋ ಕುಣಿತವೋ ಹೇಳಲಾರೆ. ನಾನು ನೀರು ಹೊತ್ತೆ. ಅಮ್ಮ ಲುಂಗಿಯಂತೆ ಸುತ್ತಿದ ಸರೊಂಗನ್ನು ಮೊಣಕಾಲಿಗೆ ಸಿಕ್ಕಿಸಿ, ಕೊಳೆತ ಎಲೆಯನ್ನು ಕೈಯಾರೆ ಬಾಚಿ ಹೊರಗೆ ಹಾಕಿದಳು. ಕೊಕ್ ಸುನ್ ಹಲ್ಲುಜ್ಜುವ ಬ್ರಷ್ಷಿಗೆ ಉದ್ದನೆಯ ಕಡ್ಡಿ ಕಟ್ಟಿ ಜಾಲರಿಯ ಪದರ ಪದರ ಉಜ್ಜಿದ. ಪಾಚಿಯಂಥ ಕಪ್ಪು ಲೋಳೆ ಸುಲಿದು ಬಂತು. "ವಾಸನೆ ಎಲೇದಲ್ಲ, ಇದರದ್ದು. ಬೂಷ್ಟು," ಎಂದ. ನೊರೆ ಬರುವ ಔಷಧಿ ಸಿಂಪಡಿಸಿದ. ಹತ್ತು ನಿಮಿಷ ಬಿಟ್ಟು ನೀರು ಹೊಡೆದ. ನೀರು ಕೊಳವೆಯಿಂದ ಕೆಳಕ್ಕೆ ಸರಾಗವಾಗಿ ಇಳಿಯಿತು. ಮೊದಲು ಕಪ್ಪು, ಆಮೇಲೆ ಬೂದು, ಆಮೇಲೆ ತಿಳಿ.

"ತಿಳಿ ನೀರು! ತಿಳಿ ನೀರು ಬಂತು!" ಎಂದು ನಾನು ಕೂಗಿದ್ದು ಎದುರಿನ ಚಹಾ ಅಂಗಡಿಯವರೆಗೂ ಕೇಳಿಸಿತಂತೆ.

ಹಾರ್ನ್ ನಿಂತು ಬಹಳ ಹೊತ್ತಾಗಿತ್ತು. ತಿರುಗಿ ನೋಡಿದರೆ ಮೇ ಫೊಂಗ್ ಅಂಗಡಿಯ ಹಿಂದಿನ ಮನೆಯೊಳಗಿಂದ ಮೇಜಿನ ಫ್ಯಾನು ಎತ್ತಿಕೊಂಡು ಬರುತ್ತಿದ್ದಳು. "ಒಣಗಿಸದೇ ಮುಚ್ಚಿದ್ರೆ ಮತ್ತೆ ಬೂಷ್ಟು ಹಿಡಿಯತ್ತೆ, ಅಷ್ಟೂ ಗೊತ್ತಿಲ್ವಾ ನಿನಗೆ?" ಎಂದು ಗಂಡನನ್ನು ಗದರಿ, ಫ್ಯಾನನ್ನು ಡ್ಯಾಶ್‌ಬೋರ್ಡಿನ ಬಾಯಿಗೆ ಹಿಡಿದಳು. ಇನ್ನೊಂದು ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. "ಏ ಹುಡುಗಿ, ಗುಟುಕು ಗುಟುಕಾಗಿ ಕುಡಿ. ಮಾತಾಡ್ಬೇಡ. ನಿನ್ನಿಂದ ನನ್ನ ಮಾವ ಹಸ್ಕೊಂಡು ಕೂತಿದ್ದಾರೆ, ಗೆದ್ದು ಬರ್ಬೇಕು ಮತ್ತೆ!"

ಗಾಡಿಯ ಫ್ಯಾನು ಜೋಡಿಸಿ ಸ್ಕ್ರೂ ಬಿಗಿಯುವಾಗ ಹನ್ನೆರಡು ಐವತ್ತು. ಗಾಜಿನ ಬುಡದ ಸೀಳಿಗೆ ಕೊಕ್ ಸುನ್ ಸಣ್ಣ ತಂತಿಜಾಲರಿ ಕಟ್ಟಿದ. "ಕೇಳ್ಕೊಳ್ಳಿ," ಎಂದ, ನನ್ನ ಭುಜ ಹಿಡಿದು. "ಹೊಗೆ ಇರೋ ಕಡೆ ಒಳಗಿನ ಗಾಳೀನೇ ಸುತ್ತಲಿ. ಹೊಗೆ ದಾಟಿದ ಮೇಲೆ ಹೊರಗಿನ ಗಾಳಿಗೆ ತಿರುಗಿಸಿ. ಊರು ತಲುಪೋಕೆ ಐದು ನಿಮಿಷ ಇರೋವಾಗ ತಣ್ಣನೆ ಗುಂಡಿ ಆಫ್ ಮಾಡಿ, ಫ್ಯಾನ್ ಮಾತ್ರ ಬಿಡಿ. ಒಳಗೆಲ್ಲ ಒಣಗತ್ತೆ. ಇವತ್ತಷ್ಟೇ ಅಲ್ಲ, ದಿನಾಲೂ. ಮತ್ತೆ ಎಲೆ..."

"ಅನ್ನಕ್ಕೆ," ಎಂದಳು ಅಮ್ಮ. "ಇನ್ನು ಅನ್ನಕ್ಕೆ ಮಾತ್ರ."

ಹಣದ ಮಾತೆತ್ತಿದರೆ ಅವನು ಪಿಕಪ್ ಸ್ಟಾರ್ಟ್ ಮಾಡಿಯೇಬಿಟ್ಟ.

ಪೆಂಡಾಂಗ್ ದಾಟಿದೆವು. ಎರಡೂ ಬದಿಗೆ ಹೊಗೆಯ ಗೋಡೆ. ಗ್ಲಾಸು ಏರಿಸಿದೆ. ಗುಂಡಿಯ ಮೇಲೆ ಬೆರಳಿಟ್ಟೆ. ದೇವರ ಹೆಸರು ಹೇಳಿ ಒತ್ತಿದೆ. ಮೂವರೂ ಉಸಿರು ಬಿಗಿಹಿಡಿದೆವು. ಕಿಂಡಿಯಿಂದ ಗಾಳಿ ಬಂತು. ಮೊದಲು ಬೆಚ್ಚಗೆ, ಆಮೇಲೆ ತಣ್ಣಗೆ.

ಎಷ್ಟು ಹೊತ್ತು ಹಿಡಿಯಲಾದೀತು? ಮೊದಲು ಅಮ್ಮ ಮೂಗೆಳೆದಳು. ಅವಳ ಕಣ್ಣು ಅಗಲವಾಯಿತು.

"ಏನೂ ಇಲ್ಲ!" ಎಂದಳು. "ಯಾಹ್ಯಾ, ಏನೂ ವಾಸನೇನೇ ಇಲ್ಲ ಕಣೋ!"

ಗಾಳಿಗೆ ಯಾವ ಪರಿಮಳವೂ ಇರಲಿಲ್ಲ. ಬೆಳಗಿನ ಬಾವಿಕಟ್ಟೆಯ ಗಾಳಿಯಂತೆ ಬರಿದಾಗಿತ್ತು. ಹಿಂದಿನ ಸೀಟಿಗೆ ಕಿವಿ ಕೊಟ್ಟೆ. ನಾನು ಕನ್ನಡಿ ನೋಡಲಿಲ್ಲ, ನೋಡಲು ಧೈರ್ಯವಿರಲಿಲ್ಲ. ಒಂದು ಮೈಲಿಗಲ್ಲು ಹೋಯಿತು, ಇನ್ನೊಂದು ಹೋಯಿತು. ಸೀನು ಬರಲಿಲ್ಲ. ಆದರೆ ಕಂಠ? ಗಾಳಿ ಸರಿಹೋದರೂ ಬೆಳಗ್ಗೆ ಹರಿದ ಕಂಠ ಕೂಡಬೇಕಲ್ಲ.

ನಾಲ್ಕನೆಯ ಮೈಲಿಗಲ್ಲಿನ ಹತ್ತಿರ ಅವಳು ಬಾಯಿ ಮುಚ್ಚಿಕೊಂಡೇ ಗುನುಗಿದಳು. ಒಡೆದಿತ್ತು ಇನ್ನೂ. ಬಿಸಿನೀರು ಗುಟುಕರಿಸಿ ಮತ್ತೆ ಗುನುಗಿದಳು. ಅಂಚಿನಲ್ಲಿ ಮಾತ್ರ ಒಡಕು. ಅಮ್ಮ ಜಪಮಣಿ ಎಣಿಸುತ್ತಿದ್ದಳು. ನಗರದ ಮಸೀದಿಯ ಗುಮ್ಮಟ ದೂರದಲ್ಲಿ ಕಾಣುವ ಹೊತ್ತಿಗೆ ನಾನು ತಣ್ಣನೆ ಗುಂಡಿ ಆರಿಸಿ ಫ್ಯಾನು ಮಾತ್ರ ಬಿಟ್ಟೆ. ಆಗ ಹಿಂದಿನಿಂದ ಒಂದು ಸ್ವರ ಎದ್ದಿತು. ಮೆಲ್ಲಗೆ, ನಿಂತ ನೀರಿನ ಮೇಲೆ ದೋಣಿ ಜಾರಿದಂತೆ. ನಾನು ಹಿಂದಕ್ಕೆ ತಿರುಗಿದೆ.

"ರಸ್ತೆ ನೋಡೋ," ಎಂದಳು ಅಮ್ಮ. "ಎಮ್ಮೆಗೆ ಗುದ್ದೀಯ."

ಒಂದೂ ನಲವತ್ತಕ್ಕೆ ಸಭಾಂಗಣ ಮುಟ್ಟಿದೆವು. ಪ್ರಾರ್ಥನೆ ಮುಗಿಸಿ ಒಳಗೆ ಓಡಿದಾಗ ಹೆಸರು ಕೂಗುತ್ತಿದ್ದರು. "ಮುನೀರಾ, ಯಾಹ್ಯಾರವರ ಮಗಳು, ಸಿಕ್!" ಅವಳು ಬಾಗಿಲಲ್ಲೇ ಕೈ ಎತ್ತಿದಳು.

ಅವಳ ಸರದಿ ಐದನೆಯದು. ವೇದಿಕೆಯ ಎತ್ತರದ ಪೀಠದಲ್ಲಿ ಬಿಳಿ ಮುಸುಕಿನ ಪುಟ್ಟ ಹುಡುಗಿಯಾಗಿ ಕಂಡಳು. ಪಕ್ಕದಲ್ಲಿ ಮೂರು ದೀಪಗಳ ಕಂಬ. ಹಸಿರು ಹತ್ತಿದರೆ ಆರಂಭ, ಹಳದಿಗೆ ಮುಗಿಸಲು ಸಿದ್ಧತೆ, ಕೆಂಪಿಗೆ ನಿಲ್ಲಿಸಬೇಕು. ಹಸಿರು ಹತ್ತಿತು.

ಆರಂಭ ತಗ್ಗಿನಲ್ಲಿ, ನಿಧಾನ. ಎರಡನೆಯ ವಚನಕ್ಕೆ ಸ್ವರ ಒಂದು ಮೆಟ್ಟಿಲು ಏರಿತು. ಚೀಟಿಯಲ್ಲಿ ಅವಳಿಗೆ ಬಂದ ಭಾಗದಲ್ಲಿ ಒಂದು ಬಹಳ ಉದ್ದದ ವಚನವಿತ್ತು. ಹೆಚ್ಚಿನವರು ನಡುವೆ ನಿಂತು, ಎರಡು ಪದ ಹಿಂದೆ ಹೋಗಿ, ಮತ್ತೆ ಎತ್ತಿಕೊಳ್ಳುತ್ತಾರೆ. ಹಾಗೆ ಮಾಡಬಹುದು, ತಪ್ಪಲ್ಲ. ಹಿಂದಿನ ವರ್ಷ ಇಂಥದ್ದೇ ಜಾಗದಲ್ಲಿ ಅವಳು ಮುರಿದಿದ್ದಳು. ಅವಳು ಉಸಿರೆಳೆದುಕೊಂಡದ್ದು ಧ್ವನಿವರ್ಧಕದಲ್ಲಿ ಕೇಳಿಸಿತು. ದೀರ್ಘವಾಗಿ, ಹೊಟ್ಟೆಯ ತಳದವರೆಗೆ. ಎಲ್ಲೂ ತಡೆಯಿಲ್ಲ, ಕೆಮ್ಮಿಲ್ಲ.

ಹೊರಟಳು. ನಿಲ್ಲಬಹುದಾದ ಮೊದಲ ಜಾಗ ದಾಟಿದಳು. ಎರಡನೆಯದೂ ದಾಟಿತು. ನನಗೆ ಗೊತ್ತಿಲ್ಲದೆ ನಾನೂ ಅವಳ ಜೊತೆ ಉಸಿರು ಹಿಡಿದಿದ್ದೆ, ನನ್ನ ಎದೆ ಒಡೆಯುವಂತಾಗಿ ಬಿಟ್ಟುಬಿಟ್ಟೆ. ಅವಳು ಬಿಡಲಿಲ್ಲ. ಸ್ವರ ಮೇಲಕ್ಕೆ ಹೋಗಿ, ಅಲ್ಲೇ ತಿರುಗಿ, ಹಕ್ಕಿ ರೆಕ್ಕೆ ಮಡಚಿಕೊಳ್ಳುವಂತೆ ಕೊನೆಯ ಪದಕ್ಕೆ ಇಳಿಯಿತು. ಸಭೆಯೆಲ್ಲ ಒಂದೇ ಬಾಯಲ್ಲಿ "ಅಲ್ಲಾಹ್..." ಎಂದಿತು. ತೀರ್ಪುಗಾರರಲ್ಲಿ ಒಬ್ಬ ಮುದುಕರು ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚಿದರು.

"ಅಳ್ಬೇಡ್ವೋ," ಎಂದು ಅಮ್ಮ ನನ್ನ ಪಕ್ಕೆಗೆ ತಿವಿದಳು. ಅವಳ ಮುಸುಕಿನ ತುದಿಯೇ ನೆನೆದು ಹೋಗಿತ್ತು. "ಬಾಯಿ ಮುಚ್ಕೊಂಡು ಕೇಳು."

ಹಳದಿ ಹತ್ತಿದಾಗ ಅವಳು ಕೊನೆಯ ವಚನದಲ್ಲಿದ್ದಳು, ಕೆಂಪು ಹತ್ತುವ ಮೊದಲೇ ಮುಗಿಸಿದಳು. ಫಲಿತಾಂಶ ಬರಲು ಇನ್ನೂ ಎರಡು ಗಂಟೆ ಇತ್ತು. ನನಗೆ ಅದರ ಅವಸರವಿರಲಿಲ್ಲ. ನಾನು ಕುರ್ಚಿಗಳ ನಡುವೆ ನುಗ್ಗಿ ವೇದಿಕೆಯ ಮೆಟ್ಟಿಲ ಬುಡಕ್ಕೆ ಹೋಗಿ ನಿಂತೆ. ಮುನೀರಾ ಮುಸುಕಿನ ಅಂಚು ಹಿಡಿದು ಇಳಿದು ಬಂದಳು. ಕೆನ್ನೆ ಕೆಂಪೇರಿತ್ತು, ಕಣ್ಣು ಹೊಳೆಯುತ್ತಿತ್ತು.

ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು. "ಅಬಾ, ಇನ್ನೂ ಉಸಿರು ಮಿಕ್ಕಿತ್ತು."